ಐತಿಹಾಸಿಕ ನಾಟಕ, ದೆವ್ವದ ಕತೆ, ಥ್ರಿಲ್ಲರ್: ಎಲ್ಲಿಂದ ಶುರು ಮಾಡಲಿ?

ತಿಕೋಟಾ ರಸ್ತೆ:

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವಳು. ಇಷ್ಟು ವರ್ಷ ಓದಿದ್ದು ಬರೀ ಸಂಸಾರದ ಕಾದಂಬರಿಗಳು. ಅತ್ತೆ, ಸೊಸೆ, ಆಸ್ತಿ, ಕಣ್ಣೀರು. ಸಾಕಾಯ್ತು. ಈಗ ಬೇರೆ ಬೇರೆ ಬಗೆಯ ಪುಸ್ತಕ ಓದಬೇಕು ಅಂತ ಆಸೆ. ಐತಿಹಾಸಿಕ ನಾಟಕ, ದೆವ್ವದ ಕತೆ, ಥ್ರಿಲ್ಲರ್, ಈ ಮೂರನ್ನೂ ನಾನು ಹೆಚ್ಚುಕಡಿಮೆ ಮುಟ್ಟಿಲ್ಲ.

ಮನೆಯಲ್ಲೇ ಇತ್ತು ಅಂತ ಮೊದಲು ಕಾರ್ನಾಡರ ‘ತುಘಲಕ್’ ಹಿಡಿದೆ. ಚೆನ್ನಾಗಿತ್ತು, ಆದ್ರೆ ನಾಟಕವನ್ನು ಸುಮ್ನೆ ಕೂತು ಓದೋದು ಕಷ್ಟ. ಯಾರು ಎಲ್ಲಿ ನಿಂತಿದ್ದಾರೆ, ಯಾವ ಮಾತನ್ನು ಸಿಟ್ಟಿನಲ್ಲಿ ಹೇಳಿದರು, ಯಾವುದನ್ನು ನಗುತ್ತಾ ಹೇಳಿದರು, ಎಲ್ಲ ನಾವೇ ಊಹಿಸಿಕೊಳ್ಳಬೇಕು. ಅರ್ಧಕ್ಕೆ ನಿಲ್ಲಿಸಿದ್ದೇನೆ.

ನನಗೆ ನೂರು ಪುಸ್ತಕದ ಪಟ್ಟಿ ಬೇಡ, ಅಂಥ ಪಟ್ಟಿ ಎಲ್ಲ ಕಡೆ ಸಿಗುತ್ತೆ. ನಿಮಗೆ ರುಚಿ ಹತ್ತಿದ್ದು ಹೇಗೆ ಅಂತ ಹೇಳಿ.

ಗುಮ್ಮಟದ ಪ್ರತಿಧ್ವನಿ:

ಬಗೆ ನೋಡಿ ಪುಸ್ತಕ ಆರಿಸಬೇಡಿ, ಘಟನೆ ನೋಡಿ ಆರಿಸಿ. ಇತಿಹಾಸದ ಒಂದೇ ಒಂದು ಘಟನೆ ಹಿಡಿಯಿರಿ. ಅದರ ಮೇಲೆ ನಾಟಕ, ಕಾದಂಬರಿ, ಥ್ರಿಲ್ಲರ್ ಏನು ಸಿಕ್ಕರೂ ಓದಿ. ಒಂದು ಬಗೆಯಿಂದ ಇನ್ನೊಂದಕ್ಕೆ ದಾಟೋದು ಆಗ ಸಲೀಸು, ಯಾಕಂದ್ರೆ ಜನ ಮತ್ತು ಜಾಗ ಆಗಲೇ ನಿಮಗೆ ಪರಿಚಯ ಆಗಿರುತ್ತೆ.

ವಿಜಯಪುರದವರಿಗೆ ತಾಳಿಕೋಟೆ ಯುದ್ಧಕ್ಕಿಂತ ಹತ್ತಿರದ ಘಟನೆ ಯಾವುದಿದೆ? 1565ರ ಜನವರಿ. ಒಂದು ಕಡೆ ವಿಜಯನಗರದ ಅಳಿಯ ರಾಮರಾಯ. ಎದುರಿಗೆ ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರ್ ಸುಲ್ತಾನರು. ಆದ್ರೆ ಕೆಲವೇ ವರ್ಷ ಮೊದಲು ಇದೇ ರಾಮರಾಯ ನಮ್ಮ ಬಿಜಾಪುರದ ಅಲಿ ಆದಿಲ್‌ಶಾಹನ ಜೊತೆ ಸೇರಿ ಅಹ್ಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ! ಧರ್ಮಯುದ್ಧ ಅಂತ ಮಾತ್ರ ಕೇಳಿ ಬೆಳೆದವರಿಗೆ ಈ ಸ್ನೇಹ, ಈ ಲೆಕ್ಕಾಚಾರ ಗೊತ್ತೇ ಇರೋದಿಲ್ಲ. ನಾಟಕಕಾರರಿಗೆ ಬೇಕಾದದ್ದು ಇಂಥ ಜಾಗವೇ. ಮಾಸ್ತಿಯವರು ‘ತಾಳೀಕೋಟೆ’ ಅಂತ ನಾಟಕ ಬರೆದಿದ್ದಾರೆ. ಕಾರ್ನಾಡರು ತಮ್ಮ ಕೊನೆಗಾಲದಲ್ಲಿ ಇದೇ ವಸ್ತು ಹಿಡಿದು ‘ರಾಕ್ಷಸ-ತಂಗಡಿ’ ಬರೆದರು. ಕೃಷ್ಣೆಯ ದಂಡೆಯ ರಕ್ಕಸಗಿ, ತಂಗಡಗಿ ಕೇಳಿದ್ದೀರಲ್ಲ, ಅದೇ ಊರುಗಳು. ಮುದ್ದೇಬಿಹಾಳ ಬಸ್ಸಿನಲ್ಲಿ ತಂಗಡಗಿ ಅಂತ ಬೋರ್ಡ್ ನೋಡಿದವರು ಎಷ್ಟು ಜನ ಈ ನಾಟಕ ಓದಿದ್ದಾರೋ ಏನೋ.

ಆಮೇಲೆ ಕೆ.ಎನ್. ಗಣೇಶಯ್ಯ ಅವರ ‘ಕರಿಸಿರಿಯಾನ’ ತಗೊಳ್ಳಿ. ಇದು ಥ್ರಿಲ್ಲರ್. ಸೋಲಿನ ಸುದ್ದಿ ಬಂದ ಮೇಲೆ ರಾಮರಾಯನ ತಮ್ಮ ತಿರುಮಲ 550 ಆನೆಗಳ ಮೇಲೆ ಖಜಾನೆ ಹೇರಿಕೊಂಡು ಪೆನುಕೊಂಡೆಗೆ ಹೊರಟ ಅಂತ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿದೆ. ಆ ಸಂಪತ್ತು ಏನಾಯ್ತು ಅನ್ನೋ ಜಾಡು ಹಿಡಿದು ಕತೆ ಓಡುತ್ತೆ. ಗಣೇಶಯ್ಯ ವೃತ್ತಿಯಿಂದ ಕೃಷಿ ವಿಜ್ಞಾನಿ. ಕತೆಯ ನಡುವೆ ಅಡಿಟಿಪ್ಪಣಿ, ಆಧಾರ, ಚಿತ್ರ ಹಾಕುವ ಅಭ್ಯಾಸ ಅವರದ್ದು.

ರಾಮರಾಯ ಯಾಕೆ ಹಾಗೆ ಮಾಡಿದ ಅಂತ ನಾಟಕ ಕೇಳುತ್ತೆ. ದುಡ್ಡು ಎಲ್ಲಿಗೆ ಹೋಯ್ತು ಅಂತ ಥ್ರಿಲ್ಲರ್ ಕೇಳುತ್ತೆ.

ಮುಧೋಳ ಹೌಂಡ್:

ದುಡ್ಡು ಎಲ್ಲಿಗೆ ಹೋಯ್ತು ಅನ್ನೋದೇ ನನಗೆ ಮುಖ್ಯ, ಹ್ಹ ಹ್ಹ.

ತಮಾಷೆ ಬಿಡಿ. ಥ್ರಿಲ್ಲರ್ ಅಂದ್ರೆ ಮೂಗು ಮುರಿಯುವವರು ಒಂದು ವಿಷಯ ಮರೀತಾರೆ. ನಮ್ಮ ಅಪ್ಪ, ಕಾಕಾ ಅವರ ಕಾಲದಲ್ಲಿ ಓದೋ ಚಟ ಹತ್ತಿಸಿದ್ದೇ ಎನ್. ನರಸಿಂಹಯ್ಯನವರ ಪತ್ತೇದಾರಿ ಪುಸ್ತಕಗಳು. ಐನೂರಕ್ಕೂ ಜಾಸ್ತಿ ಕಾದಂಬರಿ ಬರೆದ ಮನುಷ್ಯ. ಅವರ ಪತ್ತೇದಾರ ಪುರುಷೋತ್ತಮನನ್ನು ಕಾಯುತ್ತಾ ಬಾಡಿಗೆ ಪುಸ್ತಕದ ಅಂಗಡಿ ಮುಂದೆ ಪಾಳಿ ಹಚ್ಚುತ್ತಿದ್ದರಂತೆ. ಒಂದು ಪುಸ್ತಕ ಹತ್ತು ಮನೆ ಸುತ್ತಿ, ಕೊನೆಯ ಹಾಳೆ ಕಿತ್ತುಹೋಗಿ ವಾಪಸ್ ಬರುತ್ತಿತ್ತು. ಪತ್ತೇದಾರಿ ಪುಸ್ತಕದಲ್ಲಿ ಕೊನೆಯ ಹಾಳೆ ಇಲ್ಲ ಅಂದ್ರೆ ಏನು ಗತಿ ಹೇಳಿ!

ಇವತ್ತು ಶುರು ಮಾಡುವವರಿಗೆ ನನ್ನ ಸಲಹೆ ತೇಜಸ್ವಿಯವರ ‘ಜುಗಾರಿ ಕ್ರಾಸ್’. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ, ಮಲೆನಾಡಿನ ಕಾಡು ದಾರಿ, ಕಳ್ಳಸಾಗಣೆ. ಸಾಹಿತ್ಯ ಬೇರೆ, ಥ್ರಿಲ್ಲರ್ ಬೇರೆ ಅಂತ ವಾದ ಮಾಡುವವರ ಕೈಗೆ ಇದನ್ನು ಕೊಟ್ಟು ಸುಮ್ನೆ ಕೂರಬಹುದು.

ದೆವ್ವದ ಕತೆಗೆ ಹೆದರುವವರಿಗೆ ಇನ್ನೊಂದು. ನನ್ನ ಹೆಸರು ನೋಡಿದರೇ ತಿಳಿದಿರಬೇಕು. ಕಾನನ್ ಡಾಯ್ಲ್ ಅವರ ಬಾಸ್ಕರ್‌ವಿಲ್ ನಾಯಿಯ ಕತೆ, 1902ರಲ್ಲಿ ಪುಸ್ತಕವಾಗಿ ಬಂದದ್ದು. ಒಂದು ಮನೆತನಕ್ಕೆ ಶಾಪ, ಜೌಗು ಬಯಲಿನಲ್ಲಿ ಬೆಂಕಿ ಉಗುಳುವ ನಾಯಿ. ಮುಕ್ಕಾಲು ಪುಸ್ತಕ ದೆವ್ವದ ಕತೆಯಾಗೇ ಸಾಗುತ್ತೆ. ಉಳಿದ ಕಾಲು ಭಾಗದಲ್ಲಿ ಪತ್ತೇದಾರ ಷರ್ಲಾಕ್ ಹೋಮ್ಸ್ ಬಂದು ದೆವ್ವ ಬಿಡಿಸುತ್ತಾನೆ. ಎರಡೂ ರುಚಿ ಒಂದೇ ಕಡೆ.

ಬೈಲಹೊಂಗಲದ ಮಾಸ್ತರ:

ತಂಗಿ, ‘ತುಘಲಕ್’ ಅರ್ಧಕ್ಕೆ ಬಿಡಬೇಡಿ. ಸುಲ್ತಾನನನ್ನು ಸ್ವಲ್ಪ ಪಕ್ಕಕ್ಕಿಟ್ಟು ಅಜೀಜನ ಹಿಂದೆ ಹೋಗಿ. ಅವನು ಅಗಸ. ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೇ ಮೊಕದ್ದಮೆ ಹೂಡಿ ಗೆಲ್ಲುತ್ತಾನೆ. ಆಮೇಲೆ ಒಂದೊಂದೇ ಮೋಸ, ಕಡೆಗೆ ಕೊಲೆ. ಇತ್ತ ಪ್ರಾರ್ಥನೆಯ ಹೊತ್ತಿಗೇ ಸುಲ್ತಾನನನ್ನು ಮುಗಿಸುವ ಸಂಚು. ಇದು ಕ್ರೈಂ ಕತೆ ಅಲ್ಲದೆ ಇನ್ನೇನು? ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಸಾಗಿಸುವ ಹುಚ್ಚಿನ ಹಿಂದೆ ಇಂಥ ಸಣ್ಣ ಕಳ್ಳರ ದೊಡ್ಡ ಆಟ ನಡೆಯುತ್ತೆ. 1964ರ ನಾಟಕ, ಇವತ್ತಿಗೂ ಬೆವರಿಸುತ್ತೆ.

ನಾಟಕವನ್ನು ಒಬ್ಬರೇ ಮನಸ್ಸಿನಲ್ಲಿ ಓದಬೇಡಿ. ಇಬ್ಬರು ಕೂತು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಅಭಿನಯ ಬೇಡ, ಸುಮ್ನೆ ಓದಿದರೆ ಸಾಕು. ಸಿಟ್ಟು ಯಾವುದು, ನಗೆ ಯಾವುದು ಅಂತ ನಾಲಿಗೆಗೆ ತಾನಾಗಿ ತಿಳಿಯುತ್ತೆ. ಶಾಲೆಯಲ್ಲಿ ಮಕ್ಕಳ ಕೈಲಿ ಹೀಗೇ ಓದಿಸುತ್ತಿದ್ದೆ. ಹಿಂದಿನ ಬೆಂಚಿನವರು ಮೊದಲು ಕೈ ಎತ್ತುತ್ತಿದ್ದರು.

ನಮ್ಮ ಭಾಗದವರಿಗೆ ಐತಿಹಾಸಿಕ ನಾಟಕ ಪುಸ್ತಕದಿಂದ ಬಂದದ್ದಲ್ಲ ಬಿಡಿ, ಕಂಪನಿ ನಾಟಕದಿಂದ ಬಂದದ್ದು. ಸವದತ್ತಿ ತಾಲೂಕಿನ ಏಣಗಿಯ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣ ಆಗಿ ನಿಂತರೆ ಜನ ಎದ್ದು ಕೈ ಮುಗಿಯುತ್ತಿದ್ದರು. 1914ರಲ್ಲಿ ಹುಟ್ಟಿ 2017ರವರೆಗೆ ಬದುಕಿದವರು. ಇವತ್ತಿಗೂ ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಿ ನೋಡಿ, ಒಂದರ ಪಕ್ಕ ಒಂದು ನಾಟಕ ಕಂಪನಿಯ ಟೆಂಟು.

ಇನ್ನು ಥ್ರಿಲ್ಲರ್ ವಿಷಯ. ನಮ್ಮೂರಿನದ್ದೇ ಇದೆಯಲ್ಲ, ‘ಸಂಗ್ಯಾ ಬಾಳ್ಯಾ’ ಅನ್ನೋ ಸಣ್ಣಾಟ, ಅಂದ್ರೆ ಹಳ್ಳಿಯ ಜಾನಪದ ನಾಟಕ. ಸಂಗ್ಯಾ ಹಣವಂತ, ಬಾಳ್ಯಾ ಅವನ ಜೀವದ ಗೆಳೆಯ. ಮತ್ತೊಬ್ಬನ ಹೆಂಡತಿ ಗಂಗಿಯ ಮೇಲೆ ಸಂಗ್ಯಾನ ಕಣ್ಣು ಬೀಳುತ್ತೆ. ಕಡೆಗೆ ಗೆಳೆಯನೇ ಕೈ ಕೊಡುತ್ತಾನೆ, ಕೊಲೆ ಆಗುತ್ತೆ. ಬೈಲಹೊಂಗಲದಲ್ಲಿ ನಡೆದ ಘಟನೆ ಅಂತಲೇ ಹೇಳುತ್ತಾರೆ. ಸಣ್ಣಾಟ ನೋಡಲು ಕೂತವರಲ್ಲಿ ಒಬ್ಬರಿಗೂ ಕೊನೆ ಗೊತ್ತಿಲ್ಲದೆ ಇಲ್ಲ. ಆದರೂ ಬೆಳಗಿನ ಜಾವದವರೆಗೆ ಯಾರೂ ಏಳೋದಿಲ್ಲ. ಮುಂದೇನು ಅನ್ನೋ ಕುತೂಹಲ ಒಂದೇ ಜನರನ್ನು ಹಿಡಿದಿಡುತ್ತೆ ಅನ್ನೋ ಮಾತನ್ನು ನಾನು ಅದಕ್ಕೇ ಒಪ್ಪೋದಿಲ್ಲ.

ಬಾಗೇವಾಡಿ ಬಸ್ಸು:

ಮಾಸ್ತರ ಮಾತು ಸರಿ. ಕಲ್ಯಾಣದ ಕತೆಯೂ ಹಾಗೇ. ಬಸವಣ್ಣ, ಬಿಜ್ಜಳ, ಜಾತಿ ಮೀರಿದ ಆ ಮದುವೆ, ಆಮೇಲೆ ರಕ್ತಪಾತ. ನಮ್ಮೂರಲ್ಲಿ ಎರಡನೇ ಕ್ಲಾಸಿನ ಹುಡುಗನಿಗೂ ಗೊತ್ತು. ಆದರೂ ಲಂಕೇಶ್ ‘ಸಂಕ್ರಾಂತಿ’ ಬರೆದರು, ಶಿವಪ್ರಕಾಶ್ ‘ಮಹಾಚೈತ್ರ’ ಬರೆದರು, ಕಾರ್ನಾಡ್ ‘ತಲೆದಂಡ’ ಬರೆದರು. ನಮ್ಮ ಸಿಂದಗಿ ತಾಲೂಕಿನ ಯರಗಲ್‌ನವರಾದ ಕಲಬುರ್ಗಿ ಸರ್ ಸಂಶೋಧನೆ ನಡುವೆ ಬಿಡುವು ಮಾಡಿಕೊಂಡು ‘ಕೆಟ್ಟಿತ್ತು ಕಲ್ಯಾಣ’ ಬರೆದರು. ಕಾರ್ನಾಡ್ ‘ತಲೆದಂಡ’ ಬರೆಯುವ ಹೊತ್ತಿಗೆ ದೇಶದಲ್ಲಿ ಮಂದಿರ, ಮಂಡಲ ಗಲಾಟೆ ಶುರುವಾಗಿತ್ತು. ಹನ್ನೆರಡನೇ ಶತಮಾನದ ಕತೆ 1990ರ ಸುದ್ದಿಪತ್ರಿಕೆ ಥರ ಓದಿಸಿಕೊಂಡಿದ್ದು ಅದಕ್ಕೇ.

ಎರಡು ನಾಟಕ ಜೋಡಿಯಾಗಿ ಓದಿ. ‘ಸಂಕ್ರಾಂತಿ’ ಮತ್ತು ‘ತಲೆದಂಡ’ ಸಾಕು. ಒಂದೇ ಬಿಜ್ಜಳ ಎರಡರಲ್ಲಿ ಎಷ್ಟು ಬೇರೆ ಮನುಷ್ಯ ಅಂತ ನೋಡಿ.

ನವನಗರ ಸೆಕ್ಟರ್:

ದೆವ್ವಗಳ ಬಗ್ಗೆ ಯಾರೂ ಮಾತಾಡ್ತಿಲ್ಲ. ಹೆದರಿಕೆನಾ?

ನಮ್ಮ ಕಡೆ ದೆವ್ವದ ಕತೆಗೆ ಬರಗಾಲ ಇಲ್ಲ, ಪುಸ್ತಕಕ್ಕೆ ಬರಗಾಲ. ಗಾಳಿ ಸೋಕಿದ್ದು, ಕೊಳ್ಳಿ ದೆವ್ವ, ಹುಣಸೆಮರದ ಹೆಂಗಸು, ಅಮಾವಾಸ್ಯೆ ದಿನ ಎತ್ತು ಬಂಡಿ ನಿಂತದ್ದು. ಇವೆಲ್ಲ ಕಟ್ಟೆ ಮೇಲೆ ಹುಟ್ಟಿ ಕಟ್ಟೆ ಮೇಲೇ ಉಳಿದವು. ಚಂದ್ರಶೇಖರ ಕಂಬಾರರ ಕಲ್ಪನೆಯ ಊರು ಶಿವಾಪುರದಲ್ಲಿ ಮಾತ್ರ ಇವಕ್ಕೆ ಜಾಗ ಸಿಕ್ಕಿದೆ ಅನ್ನಿಸುತ್ತೆ. ಅವರು ಹುಕ್ಕೇರಿ ಕಡೆಯ ಘೋಡಗೇರಿಯವರು, ಅಲ್ವಾ. ಅವರ ಬರಹದಲ್ಲಿ ದೇವಿ, ಭೂತ, ಮನುಷ್ಯ ಎಲ್ಲರೂ ಒಂದೇ ಓಣಿಯವರ ಹಾಗೆ ಇರುತ್ತಾರೆ. ಹೆದರಿಸೋದು ಅವರ ಉದ್ದೇಶ ಅಲ್ಲ.

ನನಗೆ ಬೇಕಾದ ದೆವ್ವದ ಕತೆಯನ್ನು ಇನ್ನೂ ಯಾರೂ ಬರೆದಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ನಮ್ಮ ಹಳೇ ಬಾಗಲಕೋಟೆಯ ಎಷ್ಟೋ ಓಣಿ ಹೋದವು, ಸುತ್ತಲಿನ ಹಳ್ಳಿಗಳೂ ಹೋದವು. ಜನರಿಗೆ ಪರಿಹಾರ ಬಂತು, ನವನಗರ ಬಂತು, ಸೆಕ್ಟರ್ ನಂಬರ್ ಬಂತು. ಆದ್ರೆ ಆ ಹಳೇ ಮನೆಗಳ ಪಡಸಾಲೆಯಲ್ಲಿ ಇದ್ದ ಅಂತ ಹೇಳುತ್ತಿದ್ದ ಮುತ್ತಜ್ಜ, ಬಾವಿಯ ಹತ್ತಿರ ಕೂರುತ್ತಿದ್ದ ಮುತ್ತೈದೆ, ಇವರೆಲ್ಲ ಎಲ್ಲಿಗೆ ಹೋದರು? ದೆವ್ವಕ್ಕೆ ಒಂದು ಮನೆ ಬೇಕು. ಮನೆಯೇ ನೀರಲ್ಲಿ ನಿಂತರೆ? ಬೇಸಿಗೆಯಲ್ಲಿ ನೀರು ಇಳಿದಾಗ ಹಳೇ ಗೋಡೆ, ಹಳೇ ಗುಡಿ ಮೇಲೆ ಕಾಣುತ್ತವೆ. ಒಳ್ಳೆ ಬರಹಗಾರನಿಗೆ ಇಷ್ಟು ಸಾಲದಾ?

ಮುಧೋಳ ಹೌಂಡ್:

ಪುನರ್ವಸತಿ ಕಚೇರಿಗೆ ಅರ್ಜಿ ಕೊಟ್ಟಿರಬೇಕು. ನಿವೇಶನ ಮಂಜೂರಾಗಿ, ಹಕ್ಕುಪತ್ರ ಮಾತ್ರ ಬಂದಿಲ್ಲ.

ನವನಗರ ಸೆಕ್ಟರ್:

ಹಾಗಾದ್ರೆ ಅದು ದೆವ್ವವೇ ಆಗಿರಬೇಕು ಅಂತೇನಿಲ್ಲ, ಮನುಷ್ಯರೇ ಇರಬಹುದು.

ಟಿಳಕವಾಡಿ ಮೂರನೇ ಗೇಟ್:

ಬೆಳಗಾವಿಯವನಾಗಿ ಒಂದು ಮಾತು. ನಮಗೆ ಮರಾಠಿಯೂ ಓದಲು ಬರುತ್ತೆ, ಇದೊಂದು ಲಾಭ. ಭಯದ ಕತೆಯಲ್ಲಿ ಮರಾಠಿಯವರು ಮುಂದೆ ಇದ್ದಾರೆ. ನಾರಾಯಣ ಧಾರಪ್ ಅಂತ ಒಬ್ಬರು ಜೀವನ ಪೂರ್ತಿ ಇಂಥದ್ದೇ ಬರೆದರು. ಅವರ ಭಯದಲ್ಲಿ ಕಿರುಚಾಟ ಕಡಿಮೆ. ಸಾಮಾನ್ಯ ಮನೆ, ಸಾಮಾನ್ಯ ಬಾಡಿಗೆದಾರ, ಒಂದು ಬಾಗಿಲು. ಅಷ್ಟರಲ್ಲೇ ನಿದ್ದೆ ಕೆಡಿಸುತ್ತಾರೆ. ಪತ್ತೇದಾರಿಯಲ್ಲಿ ನಿಮ್ಮ ನರಸಿಂಹಯ್ಯನವರ ಜೋಡಿ ಅವರಲ್ಲಿ ಬಾಬುರಾವ್ ಅರ್ನಾಳಕರ್. ಐತಿಹಾಸಿಕ ಕಾದಂಬರಿ ಅಂದ್ರೆ ‘ಸ್ವಾಮಿ’ ಬರೆದ ರಣಜಿತ್ ದೇಸಾಯಿ. ಅವರ ಊರು ಕೋವಾಡ, ಇಲ್ಲಿಂದ ಹತ್ತಿರ. ನಮ್ಮ ಊರಲ್ಲಿ ಭಾಷೆ ಹೆಸರಲ್ಲಿ ಏನೇನೋ ಜಗಳ ಆಗುತ್ತೆ. ಹಳೇ ಪುಸ್ತಕದ ರಾಶಿಯಲ್ಲಿ ಮಾತ್ರ ಎರಡೂ ಭಾಷೆ ಒಂದರ ಮೇಲೊಂದು ಬಿದ್ದಿರುತ್ತವೆ.

ಕನ್ನಡದಲ್ಲಿ ಭಯ ಅಂದ್ರೆ ಜನ ಮೊದಲು ಹೇಳೋದು ಯಂಡಮೂರಿಯವರ ‘ತುಳಸಿದಳ’. ಅದು ತೆಲುಗಿನಿಂದ ಬಂದದ್ದು. ಯಂಡಮೂರಿಯವರ ಕತೆಯ ಮಾಟದ ಶಕ್ತಿ ಕಾಷ್ಮೋರನ ಹೆಸರು ಎತ್ತಿದರೆ ನಮ್ಮ ಅಕ್ಕ ಈಗಲೂ ಲೈಟ್ ಹಾಕುತ್ತಾಳೆ. ಆಮೇಲೆ ರವಿ ಬೆಳಗೆರೆಯವರ ‘ಮಾಟಗಾತಿ’. ಎರಡೂ ಓದಿಸಿಕೊಳ್ಳುತ್ತವೆ. ಆದರೆ ನನ್ನ ಅಭಿಪ್ರಾಯದಲ್ಲಿ ಮಾಟದ ಕತೆ ಬೇರೆ, ದೆವ್ವದ ಕತೆ ಬೇರೆ. ಮಾಟದ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ, ಅವನಿಗೊಂದು ಕಾರಣ ಇರುತ್ತೆ, ಹಾಗಾಗಿ ಅದು ಥ್ರಿಲ್ಲರ್‌ಗೆ ಹತ್ತಿರ. ಒಳ್ಳೆ ದೆವ್ವದ ಕತೆ ಕಾರಣ ಪೂರ್ತಿ ಹೇಳೋದೇ ಇಲ್ಲ.

ಇಂಡಿ ನಿಂಬೆಹಣ್ಣು:

ಎಲ್ಲರೂ ಸಿಹಿ ಮಾತಾಡ್ತಿದ್ದೀರಿ, ನಾನು ಸ್ವಲ್ಪ ಹುಳಿ ಹಿಂಡುತ್ತೇನೆ.

ಘಟನೆ ಹಿಡಿದು ಎಲ್ಲ ಬಗೆ ಓದಿ ಅನ್ನೋದು ಕೇಳಲು ಚೆಂದ. ಆದ್ರೆ ಓದಿದ ಮೇಲೆ ಯಾವುದು ಎಲ್ಲಿಂದ ಬಂತು ಅಂತ ಯಾರಿಗೆ ನೆನಪಿರುತ್ತೆ? ವಿಜಯಪುರದ ಸಾಠ್ ಕಬರ್, ಅಂದ್ರೆ ಅರವತ್ತು ಗೋರಿ, ತಗೊಳ್ಳಿ. ಬಿಜಾಪುರದ ಸೇನಾಪತಿ ಅಫ್ಜಲ್ ಖಾನ್ 1659ರ ನವೆಂಬರ್‌ನಲ್ಲಿ ಪ್ರತಾಪಗಡದ ಬುಡದಲ್ಲಿ ಶಿವಾಜಿಯ ಕೈಯಲ್ಲಿ ಸತ್ತ, ಇದು ಇತಿಹಾಸ. ಹೊರಡುವ ಮುಂಚೆ ಜ್ಯೋತಿಷಿ ಮಾತು ಕೇಳಿ ತನ್ನ ಹೆಂಡತಿಯರನ್ನೆಲ್ಲ ಬಾವಿಗೆ ನೂಕಿಸಿದ, ಆ ಸಾಲು ಸಮಾಧಿಗಳು ಅವರದ್ದೇ ಅನ್ನೋದು ಜನರ ಬಾಯಲ್ಲಿ ಬಂದ ಕತೆ. ರಾತ್ರಿ ಅಲ್ಲಿ ಬಳೆ ಸದ್ದು ಕೇಳುತ್ತೆ ಅನ್ನೋದು ಮೊಬೈಲ್ ಹಿಡಿದು ವಿಡಿಯೋ ಮಾಡುವವರ ಕೊಡುಗೆ. ಈಗ ಹೊರಗಿನಿಂದ ಬಂದವರು ಮೂರನ್ನೂ ಒಂದೇ ಉಸಿರಲ್ಲಿ ಹೇಳುತ್ತಾರೆ. ಗೈಡ್‌ಗಳೂ ಅಷ್ಟೇ. ಥ್ರಿಲ್ಲರ್ ಓದಿ ಬಂದು ಇದೇ ನಿಜವಾದ ಇತಿಹಾಸ, ನಮ್ಮಿಂದ ಮುಚ್ಚಿಟ್ಟಿದ್ದರು ಅಂತ ವಾದ ಮಾಡುವವರನ್ನು ನಾನು ಬಹಳ ನೋಡಿದ್ದೇನೆ.

ಗುಮ್ಮಟದ ಪ್ರತಿಧ್ವನಿ:

ಒಪ್ಪಿದೆ, ಆದ್ರೆ ಪೂರ್ತಿ ಅಲ್ಲ. ಒಂದೇ ಒಂದು ಥ್ರಿಲ್ಲರ್ ಓದಿದವನು ಹಾಗೆ ವಾದ ಮಾಡುತ್ತಾನೆ. ಅದೇ ಘಟನೆಯ ಮೇಲೆ ಇನ್ನೆರಡು ಪುಸ್ತಕ ಓದಿದವನಿಗೆ ಅನುಮಾನ ಶುರುವಾಗುತ್ತೆ. ಸಾಠ್ ಕಬರ್‌ನಲ್ಲಿ ಮೂರು ಪದರ ಇದೆ ಅಂತ ನೀವು ಈಗ ಬಿಡಿಸಿ ಹೇಳಿದಿರಲ್ಲ, ಆ ಕಣ್ಣು ನಿಮಗೆ ಬಂದಿದ್ದು ಎಲ್ಲ ಬಗೆ ಓದಿದ್ದಕ್ಕೇ.

ಇನ್ನು, ನಾಟಕಕಾರರೂ ಕಟ್ಟುತ್ತಾರೆ. ಮಾಸ್ತರು ಹೇಳಿದ ಅಜೀಜ ಕಾರ್ನಾಡರು ಕಟ್ಟಿದ ಪಾತ್ರ. ಆದ್ರೆ ನಾಟಕ ಅಂದ ಕೂಡಲೇ ಇದು ವೇಷ ಅಂತ ನಮಗೆ ಗೊತ್ತಿರುತ್ತೆ. ಥ್ರಿಲ್ಲರ್ ಅಡಿಟಿಪ್ಪಣಿ ಹಾಕಿ ಬರುತ್ತೆ, ಅಲ್ಲಿ ಸ್ವಲ್ಪ ಹುಷಾರಾಗಿರಬೇಕು. ಆಧಾರ ಎಲ್ಲಿ ಮುಗಿದು ಕಲ್ಪನೆ ಎಲ್ಲಿ ಶುರುವಾಯ್ತು ಅಂತ ಪೆನ್ಸಿಲ್ ಹಿಡಿದು ಓದಿದರೆ ಅದೇ ಒಂದು ಪತ್ತೇದಾರಿ ಕೆಲಸ.

ಇಂಡಿ ನಿಂಬೆಹಣ್ಣು:

ಪೆನ್ಸಿಲ್ ಸರಿ. ಗ್ರಂಥಾಲಯದ ಪುಸ್ತಕದಲ್ಲಿ ಮಾತ್ರ ಗೀಚಬೇಡಿ.

ಹಳೇ ಬಾಗಲಕೋಟೆ:

ಎಲ್ಲ ಬಗೆ ಓದೋದು ಹೊಸ ಚಾಳಿ ಅನ್ನೋ ಥರ ಮಾತಾಡ್ತಿದ್ದೀರಿ. ನಮ್ಮ ಊರಲ್ಲಿ ಎಲ್ಲ ಬಗೆ ಬರೆದವರೇ ಇದ್ದರು. ಕೆರೂರು ವಾಸುದೇವಾಚಾರ್ಯರು, 1866ರಲ್ಲಿ ಹುಟ್ಟಿದವರು, ಬಾಗಲಕೋಟೆಯಲ್ಲಿ ವಕೀಲರು. ಬೆಳಗ್ಗೆ ಕಕ್ಷಿದಾರರ ಗೋಳು, ಸಂಜೆ ಬರವಣಿಗೆ ಅಂತ ಕಾಣುತ್ತೆ. ‘ಇಂದಿರೆ’ ಸಾಮಾಜಿಕ ಕಾದಂಬರಿ, 1908ರದ್ದು. ‘ಭ್ರಾತೃಘಾತಕನಾದ ಔರಂಗಜೇಬ’ ಐತಿಹಾಸಿಕ. ಹೆಸರಲ್ಲೇ ಕೊಲೆ ಇದೆ, ಇವತ್ತಿನ ಥ್ರಿಲ್ಲರ್ ಪ್ರಕಾಶಕರೂ ಇಂಥ ಹೆಸರು ಇಡೋದಿಲ್ಲ. ಷೇಕ್ಸ್‌ಪಿಯರ್‌ನ ವೆನಿಸ್ ವ್ಯಾಪಾರಿಯನ್ನು ‘ಸುರತನಗರದ ಶ್ರೇಷ್ಠಿ’ ಮಾಡಿ ನಮ್ಮ ಕಡೆಗೆ ಕರೆತಂದರು. ಜೊತೆಗೆ ಸಣ್ಣ ಕತೆ, ಪತ್ರಿಕೆ. ಇವರ ಹೆಸರನ್ನು ಈಗ ಬಾಗಲಕೋಟೆಯಲ್ಲೇ ಎಷ್ಟು ಜನ ಬಲ್ಲರು ಕೇಳಿ ನೋಡಿ. ಭಾಷೆ ಹಳೆಯದು, ಮೊದಲ ಹತ್ತು ಪುಟ ಜಗ್ಗುತ್ತೆ, ಆಮೇಲೆ ಸರಾಗ.

ಮತ್ತೆ, ಮೂರೂ ಬಗೆ ಒಂದೇ ಪುಸ್ತಕದಲ್ಲಿ ಬೇಕು ಅಂದ್ರೆ ಕುವೆಂಪು ಅವರ ‘ರಕ್ತಾಕ್ಷಿ’ ಓದಿ. ಹ್ಯಾಮ್ಲೆಟ್ ಕತೆಯನ್ನು ಬಿದನೂರಿನ ಅರಸರ ಮನೆಗೆ ತಂದಿದ್ದಾರೆ. ಐತಿಹಾಸಿಕ ನಾಟಕ ಹೌದು. ಸತ್ತ ದೊರೆಯ ಪ್ರೇತ ಬರುತ್ತೆ. ಕೊಂದವರು ಯಾರು, ಸಾಬೀತು ಮಾಡೋದು ಹೇಗೆ ಅನ್ನೋ ಒದ್ದಾಟವೂ ಇದೆ. ದೆವ್ವ ಬಂದು ಸಾಕ್ಷಿ ಹೇಳಿದರೆ ನಂಬಬೇಕಾ ಬೇಡವಾ? ವಾಸುದೇವಾಚಾರ್ಯರಂಥ ವಕೀಲರು ಈ ಪ್ರಶ್ನೆಗೆ ಏನು ಹೇಳುತ್ತಿದ್ದರೋ.

ಟಿಳಕವಾಡಿ ಮೂರನೇ ಗೇಟ್:

‘ರಕ್ತಾಕ್ಷಿ’ ಹೊಳೆದೇ ಇರಲಿಲ್ಲ. ಬರೆದಿಟ್ಟುಕೊಂಡೆ.

ತಿಕೋಟಾ ರಸ್ತೆ:

ಎಲ್ಲರಿಗೂ ಧನ್ಯವಾದ. ಒಂದೆರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಕಾರಣ ಓದುತ್ತಿದ್ದೆ.

ಮಾಸ್ತರ ಸಲಹೆಯಂತೆ ನಾದಿನಿಯನ್ನು ಕೂರಿಸಿಕೊಂಡು ‘ತುಘಲಕ್’ ಗಟ್ಟಿಯಾಗಿ ಓದಿದೆವು. ಅಜೀಜನ ಪಾತ್ರ ಅವಳಿಗೇ ಬೇಕು ಅಂತ ಹಟ. ಕಡೆಗೆ ಅವನು ಸಿಕ್ಕಿಬಿದ್ದಾಗಲೂ ಸುಲ್ತಾನನ ಮುಂದೆ ಮಾತಾಡಿ ಪಾರಾಗುತ್ತಾನಲ್ಲ, ಅಲ್ಲಿ ಇಬ್ಬರಿಗೂ ಸಿಟ್ಟು ಬಂತು, ನಗೂ ಬಂತು. ಪಕ್ಕದ ಮನೆಯವರು ಜಗಳ ಅಂತ ತಿಳಿದು ಬಾಗಿಲು ಬಡಿದರು. ‘ರಾಕ್ಷಸ-ತಂಗಡಿ’ ಈಗ ಕೈಯಲ್ಲಿದೆ. ರಾಮರಾಯ ಸೋಲುತ್ತಾನೆ ಅಂತ ಗೊತ್ತಿದ್ದೂ ಅವನಿಗೆ ಬುದ್ಧಿ ಹೇಳಬೇಕು ಅನ್ನಿಸುತ್ತೆ.

‘ಜುಗಾರಿ ಕ್ರಾಸ್’ ನೂರು ಪುಟ ಆಗಿದೆ. ದೆವ್ವದ ಪುಸ್ತಕ ಇನ್ನೂ ಧೈರ್ಯ ಮಾಡಿಲ್ಲ, ಮನೆಯವರು ಪ್ರವಾಸದಿಂದ ವಾಪಸ್ ಬರಲಿ. ನವನಗರದವರೇ, ಆ ಹಿನ್ನೀರಿನ ಕತೆ ನೀವೇ ಯಾಕೆ ಬರೆಯಬಾರದು?

ಒಂದು ಪ್ರಶ್ನೆ: ಎಂಟನೇ ಕ್ಲಾಸಿನ ಹುಡುಗನಿಗೆ ಇದರಲ್ಲಿ ಯಾವುದು ಕೊಡಬಹುದು? ಮಗ ನನ್ನ ಪುಸ್ತಕದ ಮೇಲೆ ಕಣ್ಣಿಟ್ಟಿದ್ದಾನೆ.

ಬೈಲಹೊಂಗಲದ ಮಾಸ್ತರ:

ಬಾಸ್ಕರ್‌ವಿಲ್ ನಾಯಿ ಕೊಡಿ. ಕನ್ನಡದಲ್ಲಿ ಸಿಕ್ಕರೆ ಕನ್ನಡದಲ್ಲೇ. ‘ತಲೆದಂಡ’ ಪಿಯುಸಿಗೆ ಬಂದ ಮೇಲೆ.

ಮುಧೋಳ ಹೌಂಡ್:

ನಾಯಿಗೆ ಮತ ಹಾಕಿದ ಮಾಸ್ತರರಿಗೆ ಜೈ. ಮೇಡಂ, ‘ಜುಗಾರಿ ಕ್ರಾಸ್’ ಮುಗಿದ ಮೇಲೆ ಕೊನೆಯನ್ನು ಇಲ್ಲಿ ಬರೆಯಬೇಡಿ. ನಮ್ಮ ಮನೆಯಲ್ಲಿ ಒಬ್ಬರು ಈಗಷ್ಟೇ ಶುರು ಮಾಡಿದ್ದಾರೆ, ಇದನ್ನೂ ಓದುತ್ತಿರುತ್ತಾರೆ.